ಅಮೆರಿಕದ 19ನೆಯ ಶತಮಾನದ ಮುಷ್ಕರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಹತ್ತಿರ ಬಂದಂತೆ ಈ ವಿಷಯದ ಬಗ್ಗೆ ಅವೇ ಪ್ರಶ್ನೆಗಳು ಮರಳಿ ಮರಳಿ ಬರುತ್ತವೆ. ಒಮ್ಮೆ ಕುಳಿತು ಎಲ್ಲಕ್ಕೂ ಬರೆದಿಟ್ಟುಬಿಡೋಣ ಎಂದು ಇದನ್ನು ಸಿದ್ಧಪಡಿಸಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು, ಇನ್ನು ಕೆಲವಕ್ಕೆ ಒಂದು ಊರಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಮೇ 1ಕ್ಕೆ ನಮಗೇಕೆ ರಜೆ? ಅಮೆರಿಕಕ್ಕೂ ಅದಕ್ಕೂ ಏನು ನಂಟು?

1886ರ ಮೇ 1ರಂದು ಅಮೆರಿಕದಲ್ಲಿ ಸುಮಾರು 3 ಲಕ್ಷ ಕೆಲಸಗಾರರು ದಿನಕ್ಕೆ ಎಂಟೇ ಗಂಟೆ ದುಡಿಮೆ ಬೇಕೆಂದು ಕೆಲಸ ನಿಲ್ಲಿಸಿದರು. 1889ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನ ಮರುವರ್ಷದ ಮೇ 1ನ್ನು ಎಲ್ಲ ದೇಶಗಳಲ್ಲೂ ಪ್ರದರ್ಶನದ ದಿನವೆಂದು ಗೊತ್ತುಮಾಡಿತು. ಭಾರತದಲ್ಲಿ ಅದು ಮೊದಲು ನಡೆದದ್ದು 1923ರಲ್ಲಿ, ಮದರಾಸಿನಲ್ಲಿ, ಸಿಂಗಾರವೇಲರ್ ಅವರ ಮುಂದಾಳತ್ವದಲ್ಲಿ. ಇಂದು ಕರ್ನಾಟಕದ ರಜಾಪಟ್ಟಿಯಲ್ಲೂ ಅದಕ್ಕೆ ಜಾಗವಿದೆ. ಹುಟ್ಟಿದ ಮನೆಯಲ್ಲಿ ಮಾತ್ರ ಅಂದು ರಜೆಯಿಲ್ಲ. ಆ ಕಥೆ ಮುಂದೆ ಬರುತ್ತದೆ.

ಹೆಚ್ಚು ಸಂಬಳ ಬೇಕೆಂದೇ ಮುಷ್ಕರ ಹೂಡುತ್ತಿದ್ದರೇ?

ಬಹಳ ಮಂದಿ ಹಾಗೆಯೇ ಎಣಿಸುತ್ತಾರೆ. ಆದರೆ ಆ ಶತಮಾನದ ದೊಡ್ಡ ಮುಷ್ಕರಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಜನ ಬೀದಿಗಿಳಿದದ್ದು ಹೆಚ್ಚಾಗಿ ಇದ್ದದ್ದನ್ನು ಕಿತ್ತುಕೊಂಡಾಗ. ಕಂಪನಿ ಕೂಲಿಗೆ ಕತ್ತರಿ ಹಾಕುತ್ತಿತ್ತು, ಮನೆಬಾಡಿಗೆಯನ್ನು ಇಳಿಸುತ್ತಿರಲಿಲ್ಲ. ಹಲವು ಊರುಗಳಲ್ಲಿ ಮನೆಯ ಮಾಲೀಕನೂ ಕಂಪನಿಯೇ, ಅಂಗಡಿಯ ಮಾಲೀಕನೂ ಕಂಪನಿಯೇ. 1886ರ ಎಂಟು ಗಂಟೆಯ ಹೋರಾಟ ಈ ಮಾತಿಗೆ ದೊಡ್ಡ ಅಪವಾದ. ಅಲ್ಲಿ ಕೇಳಿದ್ದು ಹೊಸದನ್ನು, ಅದೂ ಹಣವನ್ನಲ್ಲ, ಹೊತ್ತನ್ನು.

ಮೊದಲು ಮುಷ್ಕರಕ್ಕಿಳಿದವರು ಗಣಿಯವರೋ, ರೈಲಿನವರೋ?

ಇಬ್ಬರೂ ಅಲ್ಲ. ಕಾರ್ಖಾನೆಗಳ ಮಟ್ಟಿಗೆ ಮೊದಲ ಸಾಲಿನಲ್ಲಿದ್ದವರು ಹೆಣ್ಣುಮಕ್ಕಳು. 1824ರಲ್ಲಿ ರೋಡ್ ಐಲೆಂಡಿನ ಪಾಟಕೆಟ್ ಎಂಬ ಊರಿನಲ್ಲಿ ನೇಯುವ ಹೆಂಗಸರು ಮಗ್ಗ ಬಿಟ್ಟು ಹೊರಬಂದರು. ಹತ್ತು ವರ್ಷಗಳ ನಂತರ ಮ್ಯಾಸಚೂಸೆಟ್ಸ್‌ನ ಲೋವೆಲ್ ಸರದಿ.

ಲೋವೆಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಗಿರಣಿ ನಡೆಸಲು ಬೋಸ್ಟನ್ನಿನ ಬಂಡವಾಳಗಾರರು ಕಟ್ಟಿದ ಊರು ಅದು. ಸುತ್ತಲಿನ ರೈತರ ಮನೆಗಳಿಂದ ಮದುವೆಯಾಗದ ಹುಡುಗಿಯರನ್ನು ಕರೆತಂದು, ಕಂಪನಿಯ ಊಟ-ವಸತಿ ಮನೆಗಳಲ್ಲಿ ಇಟ್ಟರು. ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು, ಭಾನುವಾರ ಚರ್ಚಿಗೆ ಹೋಗಬೇಕು. ಎದ್ದೇಳಲು ಗಂಟೆ, ಒಳಹೋಗಲು ಗಂಟೆ, ಊಟಕ್ಕೆ ಗಂಟೆ. ದಿನಕ್ಕೆ ಹನ್ನೆರಡು, ಹದಿಮೂರು ಗಂಟೆ ದುಡಿಮೆ, ವಾರಕ್ಕೆ ಆರು ದಿನ. ಆದರೂ ಹುಡುಗಿಯರು ಬಂದರು, ಏಕೆಂದರೆ ಕೈಗೆ ಸ್ವಂತ ದುಡ್ಡು ಸಿಗುವ ಬೇರೆ ದಾರಿ ಅವರಿಗೆ ಹೆಚ್ಚು ಇರಲಿಲ್ಲ.

1834ರ ಫೆಬ್ರುವರಿಯಲ್ಲಿ ಕೂಲಿ ಕಡಿತದ ನೋಟಿಸು ಬಂತು. ಸುಮಾರು 800 ಮಂದಿ ಹೊರನಡೆದರು. ಕೆಲವೇ ದಿನಗಳಲ್ಲಿ ಅದು ಮುರಿದುಬಿತ್ತು. 1836ರ ಅಕ್ಟೋಬರಿನಲ್ಲಿ ಊಟ-ವಸತಿಯ ದರ ಏರಿಸಿದರು. ಕೂಲಿ ಅಷ್ಟೇ ಇದ್ದು ಊಟದ ಲೆಕ್ಕ ಏರಿದರೆ ಅದೂ ಕಡಿತವೇ ಎಂಬುದು ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಸಲ ಹೊರಬಂದವರು ಸುಮಾರು 1,500.

ಆ ದಿನ ಒಂದು ಗಿರಣಿಯ ಕೆಳಗಿನ ಕೋಣೆಯಲ್ಲಿ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹನ್ನೊಂದು ವರ್ಷದ ಹುಡುಗಿ ಕೆಲಸದಲ್ಲಿದ್ದಳು. ಮೇಲಿನ ಕೋಣೆಗಳವರು ಆಗಲೇ ಹೊರಟಿದ್ದರು. ಇವಳ ಕೋಣೆಯ ದೊಡ್ಡ ಹುಡುಗಿಯರು ಮಾತ್ರ ‘ಹೋಗೋಣವೇ, ಬೇಡವೇ’ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ನೀವು ಬಂದರೂ ಸರಿ, ಬಿಟ್ಟರೂ ಸರಿ, ನಾನಂತೂ ಹೋಗುತ್ತೇನೆ ಎಂದು ಹ್ಯಾರಿಯೆಟ್ ಹೊರಟೇಬಿಟ್ಟಳು. ತಿರುಗಿ ನೋಡಿದರೆ ಹಿಂದೆ ಉದ್ದಕ್ಕೂ ಸಾಲು. ಅವಳ ತಾಯಿ ವಿಧವೆ, ಕಂಪನಿಯ ವಸತಿಮನೆಯೊಂದನ್ನು ನಡೆಸಿಕೊಂಡು ಮಕ್ಕಳನ್ನು ಸಾಕುತ್ತಿದ್ದವಳು. ದೊಡ್ಡ ಹುಡುಗಿಯರನ್ನು ನೀನು ತಡೆಯಲಾಗದಿದ್ದರೆ ಬಿಡು, ನಿನ್ನ ಮಗಳನ್ನಾದರೂ ಹದ್ದುಬಸ್ತಿನಲ್ಲಿ ಇಡಬಹುದಿತ್ತಲ್ಲ ಎಂದು ಕಂಪನಿ ಆಕೆಯನ್ನು ಕೆಲಸದಿಂದ ತೆಗೆದುಹಾಕಿತು. ವಯಸ್ಸಾದ ಮೇಲೆ ಹ್ಯಾರಿಯೆಟ್ ಇದನ್ನೆಲ್ಲ ಬರೆದಿಟ್ಟಳು. ಕೆಲವು ಕಂಪನಿಗಳು ದರ ಏರಿಕೆಯನ್ನು ಹಿಂದಕ್ಕೆ ಪಡೆದವು.

1845ರ ಹೊತ್ತಿಗೆ ಇವರ ಬೇಡಿಕೆ ಹತ್ತು ಗಂಟೆಯ ದಿನ. ಸಾರಾ ಬ್ಯಾಗ್ಲಿ ಮುಂದೆ ನಿಂತು ಸಂಘ ಕಟ್ಟಿದಳು, ಸಹಿ ಸಂಗ್ರಹಿಸಿದಳು, ಶಾಸನಸಭೆಯ ಸಮಿತಿಯೆದುರು ಸಾಕ್ಷಿ ನುಡಿದಳು. ಸಮಿತಿ ಕೈತೊಳೆದುಕೊಂಡಿತು. ಮ್ಯಾಸಚೂಸೆಟ್ಸ್‌ನಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಹತ್ತು ಗಂಟೆಯ ಕಾನೂನು ಬಂದದ್ದು 1874ರಲ್ಲಿ.

ಬೋಸ್ಟನ್ ಕಡೆ ಮಕ್ಕಳ ಮನೆಗೆಂದು ಹೋದವರು ಲೋವೆಲ್‌ಗೆ ಒಂದು ದಿನ ಇಟ್ಟುಕೊಳ್ಳಿ. ಅಲ್ಲಿ ಬೂಟ್ ಗಿರಣಿಯನ್ನು ವಸ್ತುಸಂಗ್ರಹಾಲಯ ಮಾಡಿ, ಹಳೆಯ ಮಗ್ಗಗಳನ್ನು ಓಡಿಸಿಯೇ ತೋರಿಸುತ್ತಾರೆ. ಒಳಹೋಗುವ ಮುನ್ನ ಕಿವಿಗೆ ಇಟ್ಟುಕೊಳ್ಳಲು ಏನಾದರೂ ಕೊಡುತ್ತಾರೆ. ಆ ಹುಡುಗಿಯರಿಗೆ ಅದನ್ನು ಯಾರೂ ಕೊಟ್ಟಿರಲಿಲ್ಲ. ಇನ್ನೊಂದನ್ನೂ ಮರೆಯಬಾರದು. ಅವರು ನೇಯುತ್ತಿದ್ದ ಹತ್ತಿ ಬರುತ್ತಿದ್ದುದು ದಕ್ಷಿಣದ ಗುಲಾಮರ ಕೈಯಿಂದ.

ಸಂಘ ಕಟ್ಟುವುದು ಕಾನೂನಿಗೆ ವಿರುದ್ಧವಾಗಿತ್ತೇ?

ಬಹುಕಾಲ ಹಾಗೆಯೇ ನಡೆಯಿತು. 1806ರಲ್ಲಿ ಫಿಲಡೆಲ್ಫಿಯದ ಚಮ್ಮಾರರು ಇಂತಿಷ್ಟು ಕೂಲಿಗಿಂತ ಕಡಿಮೆಗೆ ದುಡಿಯುವುದಿಲ್ಲ ಎಂದು ಒಟ್ಟಾಗಿ ಹೇಳಿದ್ದಕ್ಕೆ ಒಳಸಂಚಿನ ಆರೋಪ ಹೊತ್ತು ದಂಡ ಕಟ್ಟಿದರು. ಒಬ್ಬನೇ ಹೇಳಿದರೆ ತಪ್ಪಲ್ಲ, ಹತ್ತು ಜನ ಸೇರಿ ಹೇಳಿದರೆ ಅಪರಾಧ ಎಂಬ ತರ್ಕ. 1842ರಲ್ಲಿ ಬೋಸ್ಟನ್ನಿನ ಬೂಟು ಹೊಲಿಯುವವರ ಮೊಕದ್ದಮೆಯಲ್ಲಿ ಮ್ಯಾಸಚೂಸೆಟ್ಸ್ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ, ಸಂಘ ಕಟ್ಟಿದ ಮಾತ್ರಕ್ಕೆ ಒಳಸಂಚಾಗದು ಎಂದು ತೀರ್ಪಿತ್ತ. ಅದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಹಳೆಯ ಬಾಗಿಲು ಮುಚ್ಚಿದಾಗ ಮಾಲೀಕರು ಹೊಸದನ್ನು ಕಂಡುಕೊಂಡರು. ಸಂಘ ಸೇರುವುದಿಲ್ಲ ಎಂದು ಬರೆಸಿಕೊಂಡೇ ಕೆಲಸ ಕೊಡುವುದು, ಮುಂದಾಳುಗಳ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿ ಊರೂರಿಗೆ ಕಳಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಮುಷ್ಕರ ನಡೆಸಕೂಡದು ಎಂಬ ನ್ಯಾಯಾಲಯದ ತಡೆಯಾಜ್ಞೆ.

1877ರಲ್ಲಿ ಏನಾಯಿತು?

1873ರಲ್ಲಿ ಜೇ ಕುಕ್‌ನ ಬ್ಯಾಂಕು ಮುಳುಗಿ, ಅದರೊಂದಿಗೆ ದೇಶದ ಆರ್ಥಿಕತೆಯೂ ಕುಸಿದುಬಿತ್ತು. ರೈಲು ಕಂಪನಿಗಳು ಸಂಬಳ ಕಡಿಯುತ್ತ ಹೋದವು. 1877ರ ಜುಲೈ 16ರಂದು ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿಯ ಮತ್ತೊಂದು 10 ಪ್ರತಿಶತ ಕಡಿತ ಜಾರಿಗೆ ಬಂದ ದಿನ, ಪಶ್ಚಿಮ ವರ್ಜೀನಿಯದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಕೆಲಸಗಾರರು ಎಂಜಿನ್‌ಗಳನ್ನು ಬೋಗಿಗಳಿಂದ ಕಳಚಿ ಶೆಡ್ಡಿಗೆ ಸೇರಿಸಿದರು. ಕಡಿತ ರದ್ದಾಗುವವರೆಗೆ ಗೂಡ್ಸ್ ರೈಲು ಹೊರಡದು ಎಂದರು. ಮುಂದೆ ನಿಂತು ಕರೆ ಕೊಡುವ ದೊಡ್ಡ ಸಂಘವೇನೂ ಇರಲಿಲ್ಲ. ಹಳಿ ಹೋದಲ್ಲೆಲ್ಲ ಮುಷ್ಕರವೂ ಹೋಯಿತು.

ಪಿಟ್ಸ್‌ಬರ್ಗ್‌ನಲ್ಲಿ ಸ್ಥಳೀಯ ಸೈನಿಕಪಡೆಯವರು ತಮ್ಮದೇ ನೆಂಟರಿಷ್ಟರ ಮೇಲೆ ಗುಂಡು ಹಾರಿಸಲು ಮನಸ್ಸು ಮಾಡಲಿಲ್ಲ. ಅದಕ್ಕೇ ಫಿಲಡೆಲ್ಫಿಯದಿಂದ ಪಡೆ ತರಿಸಿದರು. ಜುಲೈ 21ರಂದು ಅವರು ಗುಂಡು ಹಾರಿಸಿದಾಗ ಸುಮಾರು 20 ಜನ ಸತ್ತರು. ರಾತ್ರಿ ಊರಿಗೆ ಊರೇ ಕೆರಳಿ ರೈಲು ಅಂಗಳಕ್ಕೆ ಬೆಂಕಿಯಿಟ್ಟಿತು. 104 ಎಂಜಿನ್‌ಗಳು, 2,000ಕ್ಕೂ ಹೆಚ್ಚು ಬೋಗಿಗಳು ಸುಟ್ಟುಹೋದವು. ಅಧ್ಯಕ್ಷ ಹೇಯ್ಸ್ ಕೇಂದ್ರದ ಸೈನ್ಯವನ್ನು ಕಳಿಸಿದ. ಅದೇ ವರ್ಷದ ಏಪ್ರಿಲಿನಲ್ಲಿ ಅವನೇ ದಕ್ಷಿಣದ ರಾಜ್ಯಗಳ ರಾಜಧಾನಿಗಳಿಂದ, ಅಂತರ್ಯುದ್ಧದ ನಂತರ ಅಲ್ಲಿ ಉಳಿದಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡು, ಅಲ್ಲಿನ ಕಪ್ಪು ಮತದಾರರನ್ನು ಅವರ ಪಾಡಿಗೆ ಬಿಟ್ಟಿದ್ದ. ಯಾರನ್ನು ಕಾಯಲು ಸೈನ್ಯ ಸಿಗಲಿಲ್ಲ, ಯಾರನ್ನು ಕಾಯಲು ಸಿಕ್ಕಿತು ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ದೇಶದಾದ್ಯಂತ ಸತ್ತವರು ಸುಮಾರು 100. ಕಡಿತ ಹೆಚ್ಚಿನ ಕಡೆ ಉಳಿದೇ ಉಳಿಯಿತು.

ನೈಟ್ಸ್ ಆಫ್ ಲೇಬರ್ ಎಂದರೆ ಯಾರು?

1869ರಲ್ಲಿ ಫಿಲಡೆಲ್ಫಿಯದ ಬಟ್ಟೆ ಕತ್ತರಿಸುವ ಕೆಲಸಗಾರರು ಗುಟ್ಟಾಗಿ ಕಟ್ಟಿದ ಸಂಘ. ಯುರಾಯಾ ಸ್ಟೀಫನ್ಸ್ ಮೊದಲ ಮುಖಂಡ, ಆಮೇಲೆ ಟೆರೆನ್ಸ್ ಪೌಡರ್ಲಿ. ಕುಶಲಕರ್ಮಿ, ಕೂಲಿ, ಹೆಂಗಸು, ಕಪ್ಪು ಜನ, ಎಲ್ಲರಿಗೂ ಬಾಗಿಲು ತೆರೆದಿತ್ತು. ವಕೀಲರಿಗೆ, ಬ್ಯಾಂಕಿನವರಿಗೆ, ಜೂಜುಕೋರರಿಗೆ, ಹೆಂಡ ಮಾರುವವರಿಗೆ ಪ್ರವೇಶವಿಲ್ಲ. ಈ ನಾಲ್ವರನ್ನು ಒಂದೇ ಪಟ್ಟಿಗೆ ಸೇರಿಸಿದ್ದು ನನಗೆ ಯಾವಾಗಲೂ ನಗು ತರಿಸುತ್ತದೆ. 1886ರಲ್ಲಿ ಸದಸ್ಯರ ಸಂಖ್ಯೆ 7 ಲಕ್ಷ ದಾಟಿತ್ತು. ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆ ಜಾಗಕ್ಕೆ ಬಂದದ್ದು 1886ರ ಡಿಸೆಂಬರಿನಲ್ಲಿ ಹುಟ್ಟಿದ, ಸಿಗಾರ್ ಸುತ್ತುವ ಕಸುಬಿನ ಸ್ಯಾಮ್ಯುಯೆಲ್ ಗಾಂಪರ್ಸ್ ನಡೆಸಿದ ಅಮೆರಿಕನ್ ಫೆಡರೇಶನ್ ಆಫ್ ಲೇಬರ್. ಅದು ಮುಖ್ಯವಾಗಿ ಕುಶಲಕರ್ಮಿಗಳ ಕೂಟ. ಕನಸು ಕಡಿಮೆ, ಲೆಕ್ಕಾಚಾರ ಹೆಚ್ಚು. ಬಾಳಿಕೆ ಬಂದದ್ದೂ ಅದೇ.

ಹೇಮಾರ್ಕೆಟ್‌ನಲ್ಲಿ ಬಾಂಬ್ ಎಸೆದವರು ಯಾರು?

ಅಂದೂ ಗೊತ್ತಾಗಲಿಲ್ಲ, ಇಂದಿಗೂ ಗೊತ್ತಾಗಿಲ್ಲ. ಗೊತ್ತಾಗದೆಯೇ ನಾಲ್ವರನ್ನು ನೇಣಿಗೆ ಹಾಕಿದರು.

ನಡೆದದ್ದು ಹೀಗೆ. 1886ರ ಮೇ 3ರಂದು ಚಿಕಾಗೋದ ಮೆಕಾರ್ಮಿಕ್ ಕಟಾವು ಯಂತ್ರದ ಕಾರ್ಖಾನೆಯ ಬಳಿ ಪೊಲೀಸರು ಮುಷ್ಕರನಿರತರ ಮೇಲೆ ಗುಂಡು ಹಾರಿಸಿ ಕೊಂದರು. ಮರುದಿನ ಸಂಜೆ ಹೇಮಾರ್ಕೆಟ್ ಚೌಕದ ಹತ್ತಿರ ಪ್ರತಿಭಟನಾ ಸಭೆ. ಒಂದು ಗಾಡಿಯೇ ವೇದಿಕೆ. ಮೇಯರ್ ಕಾರ್ಟರ್ ಹ್ಯಾರಿಸನ್ ಸ್ವತಃ ಬಂದು ಕೇಳಿ, ಗಲಾಟೆಯ ಲಕ್ಷಣವೇನೂ ಇಲ್ಲ ಎಂದು ಪೊಲೀಸ್ ಠಾಣೆಗೆ ತಿಳಿಸಿ ಮನೆಗೆ ಹೋದ. ಮಳೆಮೋಡ ಕವಿದು ಜನ ಚದುರಿದರು, ಉಳಿದವರು ಕೆಲವು ನೂರು. ಕೊನೆಯ ಭಾಷಣಕಾರ ಸ್ಯಾಮ್ಯುಯೆಲ್ ಫೀಲ್ಡನ್ ಇನ್ನೇನು ಮಾತು ಮುಗಿಸಬೇಕು, ಅಷ್ಟರಲ್ಲಿ 170ಕ್ಕೂ ಹೆಚ್ಚು ಪೊಲೀಸರ ದಂಡು ಬಂದು ಸಭೆ ಮುಗಿಸಿ ಎಂದಿತು. ಕತ್ತಲಿನಿಂದ ಬಾಂಬ್ ಬಂದು ಬಿತ್ತು. ಪೊಲೀಸರು ಕಂಡಕಂಡತ್ತ ಗುಂಡು ಹಾರಿಸಿದರು. ಏಳು ಪೊಲೀಸರು ಸತ್ತರು. ಜನರಲ್ಲಿ ಸತ್ತವರು ಕನಿಷ್ಠ ನಾಲ್ವರು.

ವಿಚಾರಣೆಗೆ ನಿಲ್ಲಿಸಿದ್ದು ಸರ್ಕಾರವೆಂಬುದೇ ಬೇಡವೆನ್ನುವ ಎಂಟು ಅರಾಜಕತಾವಾದಿಗಳನ್ನು. ಅವರಲ್ಲಿ ಹೆಚ್ಚಿನವರು ಬಾಂಬ್ ಬಿದ್ದ ಹೊತ್ತಿಗೆ ಸ್ಥಳದಲ್ಲೇ ಇರಲಿಲ್ಲ. ಬಾಂಬ್ ಎಸೆದವನನ್ನು ಇವರ ಮಾತು, ಇವರ ಬರಹ ಹುರಿದುಂಬಿಸಿದವು ಎಂಬುದೇ ಸರ್ಕಾರಿ ವಕೀಲರ ವಾದ. ಅವರ ಪತ್ರಿಕೆಗಳಲ್ಲಿ ಡೈನಮೈಟ್ ಹೊಗಳಿಕೆ ಇದ್ದದ್ದು ನಿಜ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಹೊಗಳಿಕೆಯೇ ಕೊಲೆಯೇ? ಆಲ್ಬರ್ಟ್ ಪಾರ್ಸನ್ಸ್ ತಲೆಮರೆಸಿಕೊಂಡು ಸುರಕ್ಷಿತವಾಗಿದ್ದವನು, ಗೆಳೆಯರ ಜೊತೆ ನಿಲ್ಲಬೇಕೆಂದು ತಾನಾಗಿಯೇ ನ್ಯಾಯಾಲಯಕ್ಕೆ ನಡೆದುಬಂದ. 1887ರ ನವೆಂಬರ್ 11ರಂದು ಪಾರ್ಸನ್ಸ್, ಆಗಸ್ಟ್ ಸ್ಪೀಸ್, ಅಡಾಲ್ಫ್ ಫಿಶರ್, ಜಾರ್ಜ್ ಎಂಗೆಲ್ ಅವರನ್ನು ಗಲ್ಲಿಗೇರಿಸಿದರು. ಲೂಯಿ ಲಿಂಗ್ ಹಿಂದಿನ ದಿನ ಜೈಲಿನಲ್ಲೇ ಜೀವ ಕಳೆದುಕೊಂಡಿದ್ದ. ಉಳಿದ ಮೂವರನ್ನು 1893ರಲ್ಲಿ ಇಲಿನಾಯ್ ರಾಜ್ಯಪಾಲ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಬಿಡುಗಡೆ ಮಾಡಿದ. ಮಾಡಿದ್ದಷ್ಟೇ ಅಲ್ಲ, ವಿಚಾರಣೆಯೇ ಪಕ್ಷಪಾತದ್ದು ಎಂದು ಕಾರಣ ಬರೆದ. ದಯೆ ತೋರಿಸಿದ್ದೇನೆ ಎಂದು ಸುಮ್ಮನಿದ್ದರೆ ಪತ್ರಿಕೆಗಳು ಅಷ್ಟು ಉಗಿಯುತ್ತಿರಲಿಲ್ಲವೇನೋ.

ಪಿಂಕರ್ಟನ್‌ಗಳು ಎಂದರೆ ಪೊಲೀಸರೇ?

ಅಲ್ಲ, ಬಾಡಿಗೆ ಪಡೆ. ಅಲನ್ ಪಿಂಕರ್ಟನ್ ಚಿಕಾಗೋದಲ್ಲಿ ಕಟ್ಟಿದ ಖಾಸಗಿ ಪತ್ತೇದಾರಿ ಸಂಸ್ಥೆ. ಸಂಘದೊಳಗೆ ಬೇಹುಗಾರರನ್ನು ನುಸುಳಿಸುವುದು, ಮುಷ್ಕರದ ವೇಳೆ ಕಾರ್ಖಾನೆಗೆ ಕಾವಲು ಕೊಡುವುದು ಅದರ ವ್ಯಾಪಾರ. ಈ ಪಿಂಕರ್ಟನ್ ಯೌವನದಲ್ಲಿ ಸ್ಕಾಟ್ಲೆಂಡಿನಲ್ಲಿ ದುಡಿಯುವವರಿಗೆ ಮತದ ಹಕ್ಕು ಕೇಳಿದ ಚಾರ್ಟಿಸ್ಟ್ ಚಳವಳಿಯಲ್ಲಿದ್ದವನು.

ಅವರ ಅತಿ ಕುಖ್ಯಾತ ಕೆಲಸ ನಡೆದದ್ದು 1892ರಲ್ಲಿ, ಪಿಟ್ಸ್‌ಬರ್ಗ್ ಪಕ್ಕದ ಹೋಮ್‌ಸ್ಟೆಡ್‌ನಲ್ಲಿ. ಅದು ಆಂಡ್ರೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆ. ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕಿದೆ ಎಂದು 1886ರಲ್ಲಿ ಪತ್ರಿಕೆಯಲ್ಲಿ ಬರೆದಿದ್ದ ಮಹಾಶಯ ಇವನೇ. ಸಂಘದ ಜೊತೆಗಿನ ಒಪ್ಪಂದ ಮುಗಿಯುವ ಹೊತ್ತಿಗೆ ತಾನು ಸ್ಕಾಟ್ಲೆಂಡಿಗೆ ಹೋಗಿ ಕುಳಿತು, ಕೆಲಸವನ್ನು ಕಂಪನಿಯ ಆಡಳಿತ ನಡೆಸುತ್ತಿದ್ದ ಹೆನ್ರಿ ಫ್ರಿಕ್‌ಗೆ ಒಪ್ಪಿಸಿದ. ಫ್ರಿಕ್ ಕೂಲಿ ದರ ಇಳಿಸಿದ, ಕಾರ್ಖಾನೆಯ ಸುತ್ತ ಎತ್ತರದ ಬೇಲಿ ಎಬ್ಬಿಸಿದ, ಬೀಗ ಜಡಿದ, 300 ಪಿಂಕರ್ಟನ್‌ಗಳಿಗೆ ಹೇಳಿಕಳಿಸಿದ. ಜುಲೈ 6ರ ನಸುಕಿನಲ್ಲಿ ಅವರು ಎರಡು ದೋಣಿಮನೆಗಳಲ್ಲಿ ಮನಾಂಗಹೀಲಾ ನದಿಯ ಮೂಲಕ ಬಂದರು. ದಡದಲ್ಲಿ ಊರೇ ಕಾದಿತ್ತು. ಇಡೀ ಹಗಲು ಗುಂಡಿನ ಕಾಳಗ. ಕೆಲಸಗಾರರು ಉರಿಯುವ ತೆಪ್ಪ ತೇಲಿಬಿಟ್ಟರು, ಡೈನಮೈಟ್ ಎಸೆದರು. ಸಂಜೆ ಪಿಂಕರ್ಟನ್‌ಗಳು ಬಿಳಿ ಬಾವುಟ ಹಿಡಿದರು. ದಡ ಹತ್ತಿ ಊರೊಳಗೆ ಹೋಗುವಾಗ ಎರಡೂ ಬದಿಯಲ್ಲಿ ನಿಂತ ಗಂಡಸರು, ಹೆಂಗಸರು ಶರಣಾದವರನ್ನು ಬಡಿದರು. ಆ ದೃಶ್ಯ ಯಾರಿಗೂ ಶೋಭೆ ತರುವಂಥದ್ದಲ್ಲ. ಎರಡೂ ಕಡೆ ಸೇರಿ ಸುಮಾರು ಹತ್ತು ಜನ ಸತ್ತರು.

ದಿನ ಗೆದ್ದರು, ಮುಷ್ಕರ ಸೋತರು. ರಾಜ್ಯಪಾಲ 8,000ಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದ. ಅವರ ಕಾವಲಿನಲ್ಲಿ ಬದಲಿ ಕೆಲಸಗಾರರು ಒಳಬಂದರು. ಮುಷ್ಕರಕ್ಕೆ ಸಂಬಂಧವೇ ಇರದ ಅರಾಜಕತಾವಾದಿ ಅಲೆಕ್ಸಾಂಡರ್ ಬರ್ಕ್‌ಮನ್ ಫ್ರಿಕ್‌ನ ಕಚೇರಿಗೆ ನುಗ್ಗಿ ಗುಂಡು ಹಾರಿಸಿದ. ಫ್ರಿಕ್ ಬದುಕಿಕೊಂಡ, ಜನರ ಅನುಕಂಪ ಅತ್ತ ವಾಲಿತು. ನವೆಂಬರಿನಲ್ಲಿ ಎಲ್ಲ ಮುಗಿಯಿತು. ಉಕ್ಕಿನ ಕಾರ್ಖಾನೆಗಳಲ್ಲಿ ಹನ್ನೆರಡು ಗಂಟೆಯ ಪಾಳಿ 1923ರವರೆಗೂ ಎಳೆಯಿತು.

ಪುಲ್‌ಮನ್ ಮುಷ್ಕರಕ್ಕೆ ಬಾಡಿಗೆಯೇ ಕಾರಣವೇ?

ಬಾಡಿಗೆ ಮತ್ತು ಕೂಲಿಯ ನಡುವಿನ ಅಂತರ ಕಾರಣ. ಜಾರ್ಜ್ ಪುಲ್‌ಮನ್ ರೈಲಿನ ಐಷಾರಾಮಿ ಮಲಗುವ ಬೋಗಿ ತಯಾರಿಸುತ್ತಿದ್ದ. ಚಿಕಾಗೋದ ದಕ್ಷಿಣಕ್ಕೆ ತನ್ನದೇ ಹೆಸರಿನ ಊರು ಕಟ್ಟಿದ. ಇಟ್ಟಿಗೆ ಮನೆ, ಉದ್ಯಾನ, ಗ್ರಂಥಾಲಯ, ಎಲ್ಲವೂ ಅಂದವಾಗಿತ್ತು, ಎಲ್ಲಕ್ಕೂ ದರವಿತ್ತು. ಚರ್ಚಿಗೂ ಬಾಡಿಗೆ ಕೇಳಿದ್ದರಿಂದ ಅದು ಬಹುಕಾಲ ಖಾಲಿ ಬಿದ್ದಿತ್ತು. 1893ರ ಆರ್ಥಿಕ ಕುಸಿತದ ನಂತರ ಕೂಲಿಯನ್ನು ಸರಾಸರಿ ಕಾಲು ಭಾಗದಷ್ಟು ಕಡಿದರು, ಬಾಡಿಗೆಯಲ್ಲಿ ಒಂದು ಸೆಂಟೂ ಇಳಿಯಲಿಲ್ಲ. ಬಾಡಿಗೆ ಕಳೆದು ಮೂರೋ ನಾಲ್ಕೋ ಸೆಂಟು ಕೈಗೆ ಬಂದಾಗ, ಮನೆ ತುಂಬ ಮಕ್ಕಳಿದ್ದ ಗಂಡಸರು ಅಳುವುದನ್ನು ಕಂಡಿದ್ದೇನೆ ಎಂದು ಒಬ್ಬ ಕೆಲಸಗಾರ ವಿಚಾರಣಾ ಆಯೋಗದೆದುರು ಹೇಳಿದ. ಷೇರುದಾರರಿಗೆ ಲಾಭಾಂಶ ಮಾತ್ರ ಆ ವರ್ಷವೂ ತಪ್ಪಲಿಲ್ಲ.

1894ರ ಮೇ 11ರಂದು ಕೆಲಸ ನಿಂತಿತು. ಯೂಜೀನ್ ಡೆಬ್ಸ್ ನಡೆಸುತ್ತಿದ್ದ ಅಮೆರಿಕನ್ ರೈಲ್ವೇ ಯೂನಿಯನ್ ಜೂನ್ 26ರಿಂದ ಪುಲ್‌ಮನ್ ಬೋಗಿ ಇರುವ ರೈಲನ್ನು ಮುಟ್ಟುವುದಿಲ್ಲ ಎಂದಿತು. ಚಿಕಾಗೋದಿಂದ ಪಶ್ಚಿಮಕ್ಕೆ ಸಂಚಾರ ಸ್ತಬ್ಧ. ಕೇಂದ್ರದ ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ಹಿಂದೆ ರೈಲು ಕಂಪನಿಗಳ ವಕೀಲನಾಗಿದ್ದವನು. ಅಂಚೆಗೆ ಅಡ್ಡಿಯಾಗುತ್ತಿದೆ ಎಂಬ ನೆಪದಲ್ಲಿ ತಡೆಯಾಜ್ಞೆ ತರಿಸಿದ. ರಾಜ್ಯಪಾಲ ಆಲ್ಟ್‌ಗೆಲ್ಡ್ ಬೇಡವೆಂದರೂ ಅಧ್ಯಕ್ಷ ಕ್ಲೀವ್‌ಲೆಂಡ್ ಸೈನ್ಯ ಕಳಿಸಿದ. ಡೆಬ್ಸ್‌ಗೆ ತಡೆಯಾಜ್ಞೆ ಮೀರಿದ್ದಕ್ಕೆ ಆರು ತಿಂಗಳ ಜೈಲು. ದೊಡ್ಡ ಕಂಪನಿಗಳ ಏಕಸ್ವಾಮ್ಯ ಮುರಿಯಲೆಂದು 1890ರಲ್ಲಿ ತಂದ ಶರ್ಮನ್ ಕಾಯ್ದೆಯನ್ನು ಆ ತಡೆಯಾಜ್ಞೆಗೆ ಆಧಾರವಾಗಿ ಬಳಸಿದರು. ಕಳ್ಳನಿಗೆಂದು ಮಾಡಿಸಿದ ಬೇಡಿಯನ್ನು ಮನೆಯವನ ಕೈಗೇ ತೊಡಿಸಿದ ಹಾಗೆ.

ಎಲ್ಲ ಕೆಲಸಗಾರರೂ ಒಂದಾಗಿದ್ದರೇ?

ಇಲ್ಲ. ಈ ಚರಿತ್ರೆಯನ್ನು ಹಾಡಿ ಹೊಗಳುವವರು ಇಲ್ಲಿ ಸ್ವಲ್ಪ ತಡವರಿಸುತ್ತಾರೆ. ಡೆಬ್ಸ್ ಬೇಡವೆಂದರೂ ಅವನ ಸಂಘ ಕಪ್ಪು ಜನರಿಗೆ ಸದಸ್ಯತ್ವ ಕೊಡಬಾರದೆಂದು ಮತ ಹಾಕಿತು. ಪುಲ್‌ಮನ್ ಬೋಗಿಗಳಲ್ಲಿ ಹಾಸಿಗೆ ಹಾಸುತ್ತಿದ್ದವರೆಲ್ಲ ಕಪ್ಪು ಜನರೇ ಆಗಿದ್ದರು ಎಂಬುದನ್ನು ನೆನಪಿಡಿ. ಬಾಗಿಲು ಮುಚ್ಚಿದ ಸಂಘದ ಮುಷ್ಕರವನ್ನು ಅವರು ಮುರಿದರೆ ಯಾರನ್ನು ದೂರುವುದು? ಚೀನೀಯರ ವಿಷಯದಲ್ಲಿ ಇನ್ನೂ ಕೆಟ್ಟದ್ದು. 1885ರ ಸೆಪ್ಟೆಂಬರ್ 2ರಂದು ವೈಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ ಬಿಳಿಯ ಗಣಿಗಾರರು 28 ಚೀನೀ ಗಣಿಗಾರರನ್ನು ಕೊಂದು ಅವರ ಗುಡಿಸಲುಗಳಿಗೆ ಬೆಂಕಿಯಿಟ್ಟರು.

ಇನ್ನೊಂದು ಬದಿಯೂ ಇದೆ. 1881ರ ಬೇಸಗೆಯಲ್ಲಿ ಅಟ್ಲಾಂಟಾದ ಕಪ್ಪು ಅಗಸಗಿತ್ತಿಯರು ಹನ್ನೆರಡು ಪೌಂಡು ಬಟ್ಟೆಗೆ ಒಂದು ಡಾಲರ್ ಎಂದು ದರ ಗೊತ್ತುಮಾಡಿ ಮುಷ್ಕರ ಹೂಡಿದರು. ಇಪ್ಪತ್ತು ಜನರಿಂದ ಶುರುವಾದದ್ದು ಮೂರು ವಾರಗಳಲ್ಲಿ 3,000 ಆಯಿತು. ಮನೆಮನೆಗೆ ಹೋಗಿ ಜನ ಸೇರಿಸಿದರು. ಕಾರ್ಖಾನೆಯೂ ಇಲ್ಲ, ಗೇಟೂ ಇಲ್ಲ, ಇದ್ದದ್ದು ಹಂಡೆ, ಸಾಬೂನು, ಇಸ್ತ್ರಿಪೆಟ್ಟಿಗೆ. ನಗರಸಭೆ ಒಬ್ಬೊಬ್ಬರಿಗೂ 25 ಡಾಲರ್ ಲೈಸೆನ್ಸ್ ಶುಲ್ಕ ಹಾಕುತ್ತೇವೆಂದು ಹೆದರಿಸಿತು. ಕಟ್ಟುತ್ತೇವೆ, ಆದರೆ ಊರಿನ ಬಟ್ಟೆ ಒಗೆಯುವ ದರ ಆಮೇಲೆ ನಮ್ಮ ಕೈಯಲ್ಲಿರುತ್ತದೆ ಎಂಬ ಅರ್ಥದಲ್ಲಿ ಅವರು ಮೇಯರ್‌ಗೆ ಪತ್ರ ಬರೆದರು. ನಗರಸಭೆ ಶುಲ್ಕದ ಮಾತು ಕೈಬಿಟ್ಟಿತು.

ಹೆಚ್ಚಿನವು ಸೋತವಲ್ಲ, ಹಾಗಾದರೆ ಸಿಕ್ಕಿದ್ದೇನು?

ಆ ಶತಮಾನದಲ್ಲಿ ಹೆಚ್ಚೇನೂ ಇಲ್ಲ. ರೈಲ್ವೆಯವರಿಗೆ ಎಂಟು ಗಂಟೆಯ ಕಾನೂನು 1916ರಲ್ಲಿ ಬಂತು, ಮುಷ್ಕರದ ಮೇಲಿನ ತಡೆಯಾಜ್ಞೆಗಳಿಗೆ ಕಡಿವಾಣ 1932ರಲ್ಲಿ, ಸಂಘ ಕಟ್ಟುವ ಹಕ್ಕಿಗೆ ಕೇಂದ್ರದ ಗಟ್ಟಿ ಕಾಯ್ದೆ 1935ರಲ್ಲಿ. ಲೋವೆಲ್‌ನ ಹುಡುಗಿ ಕೋಣೆಯಿಂದ ಹೊರನಡೆದು ಆಗಲೇ 99 ವರ್ಷ.

ಅಮೆರಿಕದವರೇ ಮೇ 1ನ್ನು ಏಕೆ ಬಿಟ್ಟರು?

ನ್ಯೂಯಾರ್ಕಿನ ಸಂಘಗಳು 1882ರ ಸೆಪ್ಟೆಂಬರ್ 5ರಂದು ಕಾರ್ಮಿಕ ಮೆರವಣಿಗೆ ನಡೆಸಿದ್ದವು. ಹಲವು ರಾಜ್ಯಗಳು ಸೆಪ್ಟೆಂಬರಿನ ಮೊದಲ ಸೋಮವಾರವನ್ನು ರಜೆ ಮಾಡಿಕೊಂಡಿದ್ದವು. ಹೇಮಾರ್ಕೆಟ್‌ನ ನೆರಳು ಬಿದ್ದ ಮೇ 1 ಅಧಿಕಾರದಲ್ಲಿದ್ದವರಿಗೆ ಬೇಕಿರಲಿಲ್ಲ. ಸೆಪ್ಟೆಂಬರಿನ ರಜೆಗೆ ಕ್ಲೀವ್‌ಲೆಂಡ್ ಸಹಿ ಹಾಕಿದ್ದು 1894ರ ಜೂನ್ 28ರಂದು. ಪುಲ್‌ಮನ್ ಮುಷ್ಕರದ ಮೇಲೆ ಅವನ ಸೈನ್ಯ ಚಿಕಾಗೋ ತಲುಪಿದ್ದು ಅದಾಗಿ ಒಂದು ವಾರದೊಳಗೆ.

ಚಿಕಾಗೋಗೆ ಹೋದರೆ ನೋಡಲು ಏನಾದರೂ ಉಳಿದಿದೆಯೇ?

ಇದೆ. ಪುಲ್‌ಮನ್ ಊರು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಇಟ್ಟಿಗೆ ಮನೆಗಳಲ್ಲಿ ಜನ ವಾಸವಿದ್ದಾರೆ. ಹೇಮಾರ್ಕೆಟ್‌ನ ಗಲ್ಲಿಗೇರಿದವರ ಸ್ಮಾರಕ ಪಕ್ಕದ ಫಾರೆಸ್ಟ್ ಪಾರ್ಕ್ ಎಂಬ ಊರಿನ ಸ್ಮಶಾನದಲ್ಲಿದೆ, ಪಾರ್ಸನ್ಸ್‌ನ ಹೆಂಡತಿ ಲೂಸಿಯ ಸಮಾಧಿಯೂ ಅಲ್ಲೇ ಹತ್ತಿರ. ಸಮಯವಿದ್ದರೆ ನಗರದ ಉತ್ತರಕ್ಕಿರುವ ಗ್ರೇಸ್‌ಲ್ಯಾಂಡ್ ಸ್ಮಶಾನಕ್ಕೂ ಹೋಗಿ. 1897ರಲ್ಲಿ ಸತ್ತ ಜಾರ್ಜ್ ಪುಲ್‌ಮನ್‌ನನ್ನು, ಕೆಲಸಗಾರರು ಎಲ್ಲಿ ಗೋರಿ ಅಗೆದುಬಿಡುತ್ತಾರೋ ಎಂದು ಅಂಜಿ, ಸೀಸದ ಹೊದಿಕೆಯ ಪೆಟ್ಟಿಗೆಯಲ್ಲಿಟ್ಟು, ಮೇಲೆ ಉಕ್ಕಿನ ಹಳಿಗಳನ್ನು ಜೋಡಿಸಿ ಕಾಂಕ್ರೀಟು ಸುರಿದು ಹೂಳಿದ್ದು ಅಲ್ಲಿಯೇ. ಅಲನ್ ಪಿಂಕರ್ಟನ್ ಅದೇ ಸ್ಮಶಾನದಲ್ಲಿದ್ದಾನೆ. ಆಲ್ಟ್‌ಗೆಲ್ಡ್ ಕೂಡ.